ಯೆಜ್ಡಿ ಬ್ಲಾಕಿಗೆ ಸ್ಲೀವ್ ಹಾಕಿದ್ದು

ಹುಡುಗ ಗೋಣಿಚೀಲದಲ್ಲಿ ಸುತ್ತಿಕೊಂಡು ತಂದಿದ್ದು ಅವರಪ್ಪನ ಯೆಜ್ಡಿ 250 ಬೈಕಿನ ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್. ಮೈಸೂರಿನ ಕಾರ್ಖಾನೆ 1996ರಲ್ಲೇ ನಿಂತಿತು. ಆದರೂ ನನ್ನ ಲೇತ್ ಅಂಗಡಿಗೆ ಇಂಥ ಬ್ಲಾಕ್‌ಗಳು ಇನ್ನೂ ಬರುತ್ತಲೇ ಇವೆ. ಬಂದರೆ ನನಗೆ ಖುಷಿ.

ಬ್ಲಾಕಿನ ಒಳಗಿನ ತೂತೇ ಬೋರ್. ಕಂಪನಿ ಬೋರ್ 65 ಮಿ.ಮೀ. ಬೋರ್ ಗೇಜ್ ಇಳಿಸಿದೆ. ಕೆಳಗೆ 66.03, ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ಕಿಂಡಿ) ಮೇಲೆ 66.18. ಅಂದರೆ 1 ಮಿ.ಮೀ. ಓವರ್‌ಸೈಜ್ (ದೊಡ್ಡ ಪಿಸ್ಟನ್ನಿಗೆ ಕೊರೆಯುವುದು) ಆಗಲೇ ಮುಗಿದು, ಅದೂ ಸವೆದಿದೆ.

"ಇನ್ನೊಂದ್ಸಲ ಬೋರ್ ಮಾಡಿಕೊಡಿ ಅಣ್ಣಾ."

"ಆ ಸೈಜಿನ ಪಿಸ್ಟನ್ ಸಿಗಬೇಕಲ್ಲಪ್ಪಾ. ಸ್ಲೀವ್ ಹಾಕಿ 65ಕ್ಕೇ ತರೋಣ."

ಟೂ ಸ್ಟ್ರೋಕ್ ಎಂಜಿನ್ನಿಗೆ ಸ್ಲೀವ್ ಹಾಕುವುದು ಅಂದರೆ ಬೋರಿನೊಳಗೆ ಸುಮ್ನೆ ಒಂದು ಹೊಸ ಕೊಳವೆ ತೂರಿಸುವುದಲ್ಲ. ಗೋಡೆಯ ತುಂಬ ಪೋರ್ಟ್‌ಗಳು. ಯೆಜ್ಡಿಗೆ ಎರಡು ಸೈಲೆನ್ಸರ್, ಎಕ್ಸಾಸ್ಟ್ ಪೋರ್ಟೂ ಎರಡು. ಹೊಸ ಸ್ಲೀವಿನಲ್ಲಿ ಆ ಕಿಂಡಿಗಳೆಲ್ಲ ಅದದೇ ಜಾಗದಲ್ಲಿ ಬರಬೇಕು. ಎತ್ತರ ಒಂದು ಮಿ.ಮೀ. ಆಚೀಚೆ ಆದರೂ ಗಾಡಿಯ ಎಳೆತವೇ ಬೇರೆ ಆಗುತ್ತದೆ.

ನಾನು ಅಚ್ಚು ತೆಗೆಯುವುದು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ. ಹಾಳೆ ಸುತ್ತಿ ಬೋರಿನೊಳಗೆ ಇಟ್ಟು, ಮಸಿ ಹಚ್ಚಿದ ಬೆರಳಲ್ಲಿ ಉಜ್ಜಿದರೆ ಪೋರ್ಟಿನ ಅಂಚು ಮೂಡುತ್ತದೆ. ಮೊದಲ ಸಲ ಇದನ್ನು ಸವೆದ ಬೋರಿನಲ್ಲೇ ತೆಗೆದು ಸ್ಲೀವಿನ ಮೇಲೆ ಸುತ್ತಿದ್ದೆ. 66ರ ಬೋರಿನ ಸುತ್ತಳತೆ 207, ಹೊರಗೆ 70 ಇರುವ ಸ್ಲೀವಿನದ್ದು 220. ಹಾಳೆ 13 ಮಿ.ಮೀ. ಗಿಡ್ಡವಾಯಿತು, ಸ್ಲೀವ್ ಹಾಳಾಯಿತು. ಅವತ್ತಿನಿಂದ ಎತ್ತರಗಳನ್ನು ಮೊದಲೇ ಬರೆದಿಟ್ಟುಕೊಂಡು, ಬ್ಲಾಕನ್ನು 70ಕ್ಕೆ ಕೊರೆದ ಮೇಲೆಯೇ ಅಚ್ಚು ತೆಗೆಯುತ್ತೇನೆ. ಕಿಂಡಿಗಳನ್ನು ಅರ್ಧ ಮಿ.ಮೀ. ಚಿಕ್ಕದಾಗಿಯೇ ಬಿಟ್ಟು, ಕೂರಿಸಿದ ಮೇಲೆ ಗ್ರೈಂಡರಿನಲ್ಲಿ ಅಗಲ ಮಾಡುತ್ತೇನೆ.

ಸ್ಲೀವಿನ ಹೊರಗಿನ ಅಳತೆ ಬೋರಿಗಿಂತ 0.05 ಜಾಸ್ತಿ ಇಟ್ಟೆ. ಹಿಂದಿನ ರಾತ್ರಿಯೇ ಅದು ಫ್ರೀಜರಿಗೆ ಹೋಯಿತು. ಬ್ಲಾಕನ್ನು ಓವನ್ನಿನಲ್ಲಿ 200 ಡಿಗ್ರಿ ಕಾಯಿಸಿದೆ. ಆ ಕಾವಿಗೆ ಬೋರ್ ಸುಮಾರು 0.13 ಹಿಗ್ಗುತ್ತದೆ. ಎರಡರ ಮೇಲೂ ಪಂಚ್ ಗುರುತು ಹಾಕಿದ್ದೆ. ಸ್ಲೀವ್ ಸರ್ರನೆ ಇಳಿಯಿತು. ತಿರುಗಿಸಿ ಗುರುತು ಕೂಡಿಸಲು ಎರಡು ಮೂರು ಸೆಕೆಂಡ್ ಅಷ್ಟೇ ಸಿಗುವುದು, ಆಮೇಲೆ ಅದು ಅಲುಗುವುದೇ ಇಲ್ಲ.

ಪಿಸ್ಟನ್ ಡಬ್ಬಿಯ ಮೇಲಿನ ಅಳತೆ ನಂಬಿ ನಾನು ಬೋರ್ ಮಾಡುವುದಿಲ್ಲ. ಪಿಸ್ಟನ್ ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗ) ಹತ್ತಿರ ಮೈಕ್ರೋಮೀಟರ್ ಹಿಡಿದೆ: 64.93. ಬೋರಿಂಗ್ ಟೂಲನ್ನು 64.95ಕ್ಕೆ ನಿಲ್ಲಿಸಿ, ಉಳಿದದ್ದನ್ನು ಹೋನಿಂಗಿನಲ್ಲಿ (ತಿರುಗುವ ಕಲ್ಲಿನಿಂದ ಉಜ್ಜುವುದು) ತೆಗೆದು 65.00 ಮಾಡಿದೆ.

ಪೋರ್ಟಿನ ಅಂಚುಗಳನ್ನು ಸಣ್ಣ ಕಲ್ಲಿನಿಂದ ಉಜ್ಜಲು ಒಂದು ಗಂಟೆ ಹಿಡಿಯಿತು. ಉಗುರು ಎಳೆದು ನೋಡಬೇಕು. ಉಗುರು ತಗುಲಿದ ಕಡೆ ಪಿಸ್ಟನ್ ರಿಂಗೂ ತಗುಲುತ್ತದೆ, ಮುರಿಯುತ್ತದೆ. ಆಮೇಲೆ ಸೋಪಿನ ಪುಡಿ, ಬಿಸಿನೀರು. ಬಿಳಿ ಬಟ್ಟೆ ಬೆಳ್ಳಗೇ ಹೊರಗೆ ಬರುವ ತನಕ ತೊಳೆದು, ತಕ್ಷಣ ಆಯಿಲ್ ಸವರಿದೆ.

ಐನೂರು ಕಿ.ಮೀ. ನಿಧಾನವಾಗಿ ಓಡಿಸಿ ಬಾ ಅಂದಿದ್ದೆ. ಬಂದ. ಸೈಲೆನ್ಸರ್ ಪೈಪ್ ಬಿಚ್ಚಿ ಪೋರ್ಟಿನೊಳಗೆ ಟಾರ್ಚ್ ಹಿಡಿದೆ. ಹೋನಿಂಗಿನ ಅಡ್ಡಗೆರೆಗಳು ಹಾಗೇ ಇದ್ದವು, ಉದ್ದಕ್ಕೆ ಒಂದು ಗೀರೂ ಇರಲಿಲ್ಲ. "ನೀನೂ ನೋಡು" ಅಂತ ಟಾರ್ಚ್ ಅವನ ಕೈಗೆ ಕೊಟ್ಟೆ.