ಮೈಯಲ್ಲಿ ಎಷ್ಟು ಲೀಟರ್ ರಕ್ತ? ಲೆಕ್ಕ ಹಾಕುವುದು, ಅಳೆಯುವುದು

ಗಂಡಸರಿಗೆ ಕೆಜಿಗೆ 70 ಮಿಲಿ, ಹೆಂಗಸರಿಗೆ 65 ಮಿಲಿ. ವಾರ್ಡಿನಲ್ಲಿ ಬಾಯಿಲೆಕ್ಕಕ್ಕೆ ಇಷ್ಟು ಸಾಕು. ಆದರೆ ಕೊಬ್ಬಿನಲ್ಲಿ ರಕ್ತ ಕಡಿಮೆ, ಸ್ನಾಯುವಿನಲ್ಲಿ ಹೆಚ್ಚು. ಅದಕ್ಕೇ ದಪ್ಪಗಿರುವವರಲ್ಲಿ ಈ ಲೆಕ್ಕ ಸುಮ್ಮನೆ ಉಬ್ಬುತ್ತದೆ. ಎತ್ತರವನ್ನೂ ಹಿಡಿಯುವ ನ್ಯಾಡ್ಲರ್ ಸೂತ್ರ (1962) ಇದಕ್ಕಿಂತ ವಾಸಿ.

ಗಂಡಸರಿಗೆ: 0.3669 × ಎತ್ತರ³ + 0.03219 × ತೂಕ + 0.6041
ಹೆಂಗಸರಿಗೆ: 0.3561 × ಎತ್ತರ³ + 0.03308 × ತೂಕ + 0.1833

ಎತ್ತರ ಮೀಟರಿನಲ್ಲಿ, ತೂಕ ಕೆಜಿಯಲ್ಲಿ. ಉತ್ತರ ಬರುವುದು ಲೀಟರಿನಲ್ಲಿ. 1.70 ಮೀಟರ್, 68 ಕೆಜಿಯ ಗಂಡಸಿಗೆ 1.80 + 2.19 + 0.60, ಅಂದರೆ 4.6 ಲೀಟರ್. 1.55 ಮೀಟರ್, 52 ಕೆಜಿಯ ಹೆಂಗಸಿಗೆ 3.2 ಲೀಟರ್. ಆರೋಗ್ಯವಂತರಲ್ಲೂ ನಿಜವಾದ ಅಳತೆ ಇದರಿಂದ ಶೇ 10ರಷ್ಟು ಆಚೀಚೆ ಇರಬಹುದು.

ಹೆಚ್ಚಿನವರು ಎಡವುವುದು ಎತ್ತರದಲ್ಲೇ. ಮೇಲಿನ ಗಂಡಸಿನ ಎತ್ತರ 2 ಸೆಂ.ಮೀ. ತಪ್ಪಿದರೂ, ತೂಕ 2 ಕೆಜಿ ತಪ್ಪಿದರೂ ಉತ್ತರ ಕೆಡುವುದು ಒಂದೇ ಅಳತೆಗೆ, ಸುಮಾರು 64 ಮಿಲಿ. ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ ಅಳೆಯಿರಿ. ಅಡಿಯಲ್ಲಿ ಹೇಳಿದರೆ ಇನ್ನೂ ಎಚ್ಚರ ಬೇಕು. 5 ಅಡಿ 10 ಅಂಗುಲವನ್ನು ‘5.10’ ಎಂದು ಬರೆದುಕೊಂಡು ಕ್ಯಾಲ್ಕುಲೇಟರಿನಲ್ಲಿ 30.48ರಿಂದ ಗುಣಿಸಿದರೆ 155 ಸೆಂ.ಮೀ. ಬರುತ್ತದೆ, ಆಸಾಮಿ ಇರುವುದು 178. ಅಷ್ಟಕ್ಕೇ ಮುಕ್ಕಾಲು ಲೀಟರಿನ ಹತ್ತಿರ ರಕ್ತ ಲೆಕ್ಕದಿಂದ ಮಾಯ. ಮೊದಲು ಎಲ್ಲವನ್ನೂ ಅಂಗುಲ ಮಾಡಿ, ಆಮೇಲೆ 2.54ರಿಂದ ಗುಣಿಸಿ.

ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 30 ದಾಟಿದ್ದರೆ ಕೆಜಿಗೆ 70, 65ರ ಲೆಕ್ಕ ಬಿಡಿ. ಬಿಎಂಐಯನ್ನು 22ರಿಂದ ಭಾಗಿಸಿ, ವರ್ಗಮೂಲ ತೆಗೆದು, 70ನ್ನು ಅದರಿಂದ ಭಾಗಿಸಿದರೆ ಕೆಜಿಗೆ ಎಷ್ಟು ಮಿಲಿ ಎಂದು ಸಿಗುತ್ತದೆ. 1.55 ಮೀಟರಿನ ಅದೇ ಹೆಂಗಸು 85 ಕೆಜಿ ಇದ್ದರೆ ಕೆಜಿಗೆ 55 ಮಿಲಿ, ಒಟ್ಟು 4.7 ಲೀಟರ್. 65ರ ಲೆಕ್ಕ ಹಿಡಿದಿದ್ದರೆ 5.5 ಆಗುತ್ತಿತ್ತು.

ಇಷ್ಟೆಲ್ಲ ಅಂದಾಜು. ನಿಜವಾಗಿ ಅಳೆಯಬೇಕೆಂದರೆ ಪ್ರಯೋಗಾಲಯವೇ ಆಗಬೇಕು. ಮನೆಯಲ್ಲಾಗಲಿ ಶಿಬಿರದಲ್ಲಾಗಲಿ ಮಾಡುವ ಕೆಲಸವಲ್ಲ. ತತ್ವ ಸರಳ: ಗೊತ್ತಿರುವಷ್ಟು ಬಣ್ಣವನ್ನು ರಕ್ತನಾಳಕ್ಕೆ ಬಿಟ್ಟು, ಅದು ಎಷ್ಟು ತೆಳುವಾಯಿತು ಎಂದು ನೋಡುವುದು. ಇವಾನ್ಸ್ ಬ್ಲೂ ಬಣ್ಣ ರಕ್ತದ ಪ್ರೊಟೀನಾದ ಆಲ್ಬುಮಿನ್‌ಗೆ ಅಂಟಿಕೊಂಡು ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) ಉಳಿಯುತ್ತದೆ, ಆದರೂ ನಿಧಾನಕ್ಕೆ ಸೋರುತ್ತದೆ. ಅದಕ್ಕೇ ಚುಚ್ಚಿದ 10ನೇ ನಿಮಿಷದಿಂದ 30ರವರೆಗೆ ಹಲವು ಮಾದರಿ ತೆಗೆದು, ಬಣ್ಣದ ಸಾಂದ್ರತೆಯ ಗೆರೆಯನ್ನು ಹಿಂದಕ್ಕೆ ಸೊನ್ನೆ ನಿಮಿಷಕ್ಕೆ, ಅಂದರೆ ಚುಚ್ಚಿದ ಗಳಿಗೆಗೆ, ಎಳೆಯುತ್ತಾರೆ. 25 ಮಿಗ್ರಾಂ ಬಿಟ್ಟು, ಸೊನ್ನೆಯಲ್ಲಿ ಲೀಟರಿಗೆ 9 ಮಿಗ್ರಾಂ ಬಂದರೆ ಪ್ಲಾಸ್ಮಾ 2.78 ಲೀಟರ್. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ 43 ಇದ್ದರೆ ಅದನ್ನು ನೇರವಾಗಿ ಹಾಕಬೇಡಿ. ಕೈಯ ರಕ್ತನಾಳದಲ್ಲಿ ಕಾಣುವ ಪಿಸಿವಿಗಿಂತ ಇಡೀ ಮೈಯದು ಕಡಿಮೆ, ಹಾಗಾಗಿ 0.91ರಿಂದ ಗುಣಿಸಬೇಕು: 2.78 ÷ (1 − 0.391) = 4.56 ಲೀಟರ್. ಗುಣಿಸದೇ ಬಿಟ್ಟರೆ 4.87 ಬರುತ್ತದೆ.

ನಿಜಕ್ಕೂ ಎಷ್ಟು ಬಣ್ಣ ಹೋಯಿತೆಂದು ತಿಳಿಯಲು ಸಿರಿಂಜನ್ನು ಚುಚ್ಚುವ ಮುಂಚೆ, ಚುಚ್ಚಿದ ಮೇಲೆ ಎರಡು ಸಲ ತೂಗಿ. ಬಣ್ಣ ಸ್ವಲ್ಪ ನಾಳದ ಹೊರಗೆ ಹೋದರೂ ರಕ್ತ ಹೆಚ್ಚಿದೆ ಎಂದೇ ತೋರಿಸುತ್ತದೆ. ಮಾದರಿ ತೆಗೆಯುವಾಗ ತೋಳಿನ ಪಟ್ಟಿ ಬಹಳ ಹೊತ್ತು ಬಿಗಿದಿರಬಾರದು. ಮಲಗಿದವರು ಎದ್ದು ನಿಂತರೆ ಅರ್ಧ ಗಂಟೆಯೊಳಗೆ ಪ್ಲಾಸ್ಮಾ ಶೇ 10–15 ಇಳಿಯುತ್ತದೆ. ಆದ್ದರಿಂದ ಮೊದಲೇ 30 ನಿಮಿಷ ಮಲಗಿಸಿ, ಅದೇ ಭಂಗಿಯಲ್ಲೇ ಮುಗಿಸಿ.

ದಾವಣಗೆರೆಯಲ್ಲಿ ಇನ್ನೊಂದು ಮಾತು ಹೇಳಲೇಬೇಕು: ಬರುವ ಮುಂಚೆ ಬೆಣ್ಣೆ ದೋಸೆ ಬೇಡ. ಕೊಬ್ಬಿನಿಂದ ಪ್ಲಾಸ್ಮಾ ಹಾಲುಹಾಲಾಗಿ, ಯಂತ್ರ ಆ ಮಬ್ಬನ್ನೂ ಬಣ್ಣವೆಂದು ಓದುತ್ತದೆ. ಆಗ ರಕ್ತ ಇರುವುದಕ್ಕಿಂತ ಕಡಿಮೆ ಬರುತ್ತದೆ. ರಾತ್ರಿಯಿಂದ ಉಪವಾಸ, ನೀರು ಮಾತ್ರ ಧಾರಾಳ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದ ಕೋಟೆ ಹತ್ತಿ ಬೆವರಿ ಬಂದವರನ್ನು ಆ ದಿನ ಅಳೆಯಬೇಡಿ, ಪ್ಲಾಸ್ಮಾ ಕುಗ್ಗಿರುತ್ತದೆ. ರಕ್ತ ಕೊಟ್ಟವರಿಗಂತೂ ಕೆಲವು ವಾರ ಕಾಯಿರಿ: ಪ್ಲಾಸ್ಮಾ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಅಷ್ಟು ಅವಸರವಿಲ್ಲ.