ಟರ್ಮಿನಲ್‌ನಲ್ಲಿ ಒಂದೇ ಸಲಕ್ಕೆ ನೂರಾರು ಫೈಲ್‌ಗಳ ಹೆಸರು ಬದಲಿಸಿ

ಉಬುಂಟು, ಡೆಬಿಯನ್ ಎಂಬ ಲಿನಕ್ಸ್‌ಗಳನ್ನು ಬಳಸುವವರಿಗೆ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಇದಕ್ಕೆ ರಿನೇಮ್ ಅನ್ನೋ ಕಮಾಂಡ್ ಇದೆ. ನಿಮ್ಮಲ್ಲಿ ಇಲ್ಲದಿದ್ದರೆ, ಸಾಫ್ಟ್‌ವೇರ್ ಹಾಕಿಕೊಡುವ ಆಪ್ಟ್‌ನಿಂದ ಅದೇ ಹೆಸರಿನ ಪ್ಯಾಕೇಜ್ ಹಾಕಿಕೊಳ್ಳಿ.

ಫೋಟೋಗಳಿರುವ ಫೋಲ್ಡರ್‌ಗೆ ಹೋಗಿ. ರಿನೇಮ್ ಅಂತ ಟೈಪ್ ಮಾಡಿ, ಸ್ಪೇಸ್ ಬಿಟ್ಟು ಮೈನಸ್ ಎನ್ ಹಾಕಿ, ಮತ್ತೆ ಸ್ಪೇಸ್ ಬಿಟ್ಟು ಸಿಂಗಲ್ ಕೋಟ್ ಒಳಗೆ ಸಣ್ಣಕ್ಷರದ ಎಸ್, ಅದಕ್ಕೆ ಅಂಟಿಕೊಂಡಂತೆ /ಪ್ರವಾಸ/ಹಂಪಿ/ ಅಂತ ಬರೆದು ಕೋಟ್ ಮುಚ್ಚಿ, ಕೊನೆಗೆ ಸ್ಪೇಸ್ ಬಿಟ್ಟು * (ಅಂದ್ರೆ ಫೋಲ್ಡರ್‌ನ ಎಲ್ಲ ಫೈಲ್‌ಗಳು) ಹಾಕಿ. ಎಂಟರ್ ಒತ್ತಿದರೆ 'ಪ್ರವಾಸ_01' ಅನ್ನೋದು 'ಹಂಪಿ_01' ಆಗುತ್ತದೆ ಅಂತ ಪಟ್ಟಿ ಬರುತ್ತದೆ. ಹೌದು, ಕನ್ನಡದ ಹೆಸರುಗಳೂ ನಡೆಯುತ್ತವೆ!

ಮೈನಸ್ ಎನ್ ಇರುವಾಗ ಸುಮ್ನೆ ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ, ಯಾಕಂದ್ರೆ ಟರ್ಮಿನಲ್‌ನಲ್ಲಿ ಅನ್‌ಡೂ ಇಲ್ಲ. ಪಟ್ಟಿಯನ್ನು ನಿಧಾನವಾಗಿ ಓದಿ, ಸರಿ ಅನಿಸಿದ ಮೇಲೆ ಮೈನಸ್ ಎನ್ ತೆಗೆದು ಅದೇ ಸಾಲನ್ನು ಮತ್ತೆ ಓಡಿಸಿ.

ಹೆಸರಿನಲ್ಲಿರುವ ಸ್ಪೇಸ್‌ಗಳನ್ನೆಲ್ಲ ಅಂಡರ್‌ಸ್ಕೋರ್ ಮಾಡಬೇಕಾ? ಎರಡನೇ ಮತ್ತು ಮೂರನೇ ಸ್ಲ್ಯಾಶ್ ನಡುವೆ _ ಇಟ್ಟು, ಮೊದಲ ಎರಡರ ನಡುವೆ ಸ್ಪೇಸ್ ಕೊಡಿ. ಕೊನೆಯ ಸ್ಲ್ಯಾಶ್ ಆದಮೇಲೆ ಜಿ ಸೇರಿಸಿ, ಇಲ್ಲದಿದ್ದರೆ ಪ್ರತಿ ಹೆಸರಲ್ಲೂ ಮೊದಲ ಸ್ಪೇಸ್ ಮಾತ್ರ ಬದಲಾಗುತ್ತದೆ.

ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್ ಬಳಸುವವರು ಗಮನಿಸಿ: ಅಲ್ಲಿರುವ ರಿನೇಮ್ ಬೇರೆಯದು. ಅದಕ್ಕೆ ಎಸ್, ಸ್ಲ್ಯಾಶ್ ಯಾವುದೂ ಬೇಡ. ಹಳೆಯ ಪದ, ಹೊಸ ಪದ, ಆಮೇಲೆ ಫೈಲ್‌ಗಳು, ಅಷ್ಟೇ.