ಜನವರಿಯಲ್ಲಿ ಲುಧಿಯಾನಕ್ಕೆ ಹೊರಟವರಿಗೆ

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಐದು ನಿಮಿಷ ನಡೆದರೆ ನನ್ನದೊಂದು ಸಣ್ಣ ಅಂಗಡಿ ಸಿಗುತ್ತದೆ. ಸೈಕಲ್ ಬಿಡಿಭಾಗಗಳದ್ದು. ರಿಮ್, ಚೈನ್, ಫ್ರೀವೀಲ್, ಪೆಡಲ್, ಸೀಟು, ಬೆಲ್ಲು. ಇವುಗಳಲ್ಲಿ ಹೆಚ್ಚಿನವು ಹುಟ್ಟುವುದು ಪಂಜಾಬಿನ ಲುಧಿಯಾನದಲ್ಲಿ. ಫೋನಿನಲ್ಲಿ ಆರ್ಡರ್ ಕೊಟ್ಟರೂ ಮಾಲು ಬರುತ್ತದೆ, ನಿಜ. ಆದರೆ ಫ್ರೀವೀಲನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ತಿರುಗಿಸಿದರೆ ಗೊತ್ತಾಗುವುದು ಫೋಟೋದಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಹೋಗುತ್ತೇನೆ. ಪರೀಕ್ಷೆ ಮುಗಿದು ಮಕ್ಕಳಿಗೆ ಸೈಕಲ್ ಕೊಡಿಸುವ ಹೊತ್ತಿಗೆ ಮಾಲು ಅಂಗಡಿಯಲ್ಲಿ ಇರಬೇಕು. ಅದಕ್ಕೆ ಜನವರಿಯೇ ಸರಿ.

ಈ ಸಲ ಅಣ್ಣನ ಮಗ ಹೊರಟಿದ್ದಾನೆ. "ಕಾಕಾ, ಒಂದು ದಪ್ಪನ ಸ್ವೆಟರ್ ಇದ್ದರ ಸಾಕಲ್ಲ?" ಅಂತ ಕೇಳಿದ. ಮೊದಲ ಸಲ ಹೊರಟಾಗ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸ್ವೆಟರ್, ಕಾಲಿಗೆ ಚಪ್ಪಲಿ. ಅವ್ವ ಬೇಡ ಬೇಡ ಅಂದರೂ ಕೇಳಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ಚಳಿ ಬೆಳಗ್ಗೆ ಎಂಟಕ್ಕೆ ಮುಗಿದುಹೋಗುತ್ತದೆ. ಅಲ್ಲಿಯ ಚಳಿಗೆ ಆಗ ಇನ್ನೂ ಮುಂಜಾವು. ಹುಬ್ಬಳ್ಳಿಯಲ್ಲಿ ಜನವರಿಯ ಬೆಳಗು 14-15 ಡಿಗ್ರಿ ಇದ್ದರೂ ಮಧ್ಯಾಹ್ನ 30ರ ಹತ್ತಿರ ಬಂದುಬಿಡುತ್ತದೆ. ಲುಧಿಯಾನದಲ್ಲಿ ಬೆಳಗ್ಗೆ 5-6 ಡಿಗ್ರಿ, ಕೆಲವು ದಿನ 2-3. ಅದನ್ನಾದರೂ ತಡೆದುಕೊಳ್ಳಬಹುದು. ಮಂಜು ಸರಿಯದ ದಿನ ಮಧ್ಯಾಹ್ನವೂ 12-13 ದಾಟುವುದಿಲ್ಲ ನೋಡಿ, ಅದು ಕಷ್ಟ. ದಿನವಿಡೀ ಮೈ ಬೆಚ್ಚಗಾಗುವ ಒಂದು ಗಳಿಗೆಯೂ ಸಿಗುವುದಿಲ್ಲ. ಮನೆ, ಅಂಗಡಿಗಳನ್ನೆಲ್ಲ ಬೇಸಿಗೆಯ 45 ಡಿಗ್ರಿ ತಡೆಯಲಿ ಅಂತ ಕಟ್ಟಿರುತ್ತಾರೆ. ಎತ್ತರದ ಛಾವಣಿ, ನುಣುಪು ಕಲ್ಲಿನ ನೆಲ. ಜನವರಿಯಲ್ಲಿ ಒಳಗೆ ಕೂತರೆ ಹೊರಗಿಗಿಂತ ಜಾಸ್ತಿ ಚಳಿ. ಅಂಗಡಿಯವರು ಕುರ್ಚಿ ಎಳೆದುಕೊಂಡು ಬಿಸಿಲಲ್ಲಿ ಕೂತಿರುವುದು ಅದಕ್ಕೇ. ಅವರು ಕೂರಲು ಹೇಳಿದರೆ ಕೂತುಬಿಡಿ. ವ್ಯಾಪಾರದ ಮಾತು ಅಲ್ಲೇ ಚೆನ್ನಾಗಿ ಆಗುತ್ತದೆ.

ಮಂಜಿಗೆ ಅಲ್ಲಿ 'ಧುಂದ್' ಅನ್ನುತ್ತಾರೆ. ಸುತ್ತ ಎಲ್ಲ ಗೋಧಿ ಹೊಲ. ನೀರುಂಡ ನೆಲ, ಉದ್ದದ ರಾತ್ರಿ, ಗಾಳಿ ಅಲುಗುವುದೇ ಇಲ್ಲ. ನೆಲ ತಣ್ಣಗಾದಂತೆ ಅದರ ಮೇಲಿನ ತೇವದ ಗಾಳಿಯೂ ತಣ್ಣಗಾಗಿ ಅಲ್ಲೇ ಮಂಜಾಗಿ ನಿಲ್ಲುತ್ತದೆ. ಇದರ ಜೊತೆ ಕಾರ್ಖಾನೆ, ಲಾರಿಗಳ ಹೊಗೆ. 50 ಮೀಟರ್ ಆಚೆ ಏನೂ ಕಾಣದಿದ್ದರೆ ಹವಾಮಾನ ಇಲಾಖೆ ಅದನ್ನು ಅತಿ ದಟ್ಟ ಮಂಜು ಅನ್ನುತ್ತದೆ. ಒಮ್ಮೆ ನಾನು ಆಟೋದಿಂದ ಇಳಿದು ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಆಟೋನೇ ಮಾಯ. ಉಬ್ಬಸ ಇದ್ದವರು ಇನ್‌ಹೇಲರ್ ಮರೆಯಬೇಡಿ, ಮಾಸ್ಕೂ ಇರಲಿ.

ಹೋಗುವುದಕ್ಕೆ ನನಗೆ ಒಗ್ಗಿದ್ದು ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ. ದಿನಾ ಇಲ್ಲ, ದಿನ ನೋಡಿಕೊಂಡು ಟಿಕೆಟ್ ಮಾಡಿಸಿ. ಹುಬ್ಬಳ್ಳಿಯಲ್ಲಿ ಹತ್ತಿದರೆ ದೆಹಲಿಯಲ್ಲಿ ಗಂಟುಮೂಟೆ ಹೊತ್ತು ರೈಲು ಬದಲಿಸುವ ತಾಪತ್ರಯ ಇಲ್ಲ. ಚಂಡೀಗಢದಿಂದ ಲುಧಿಯಾನ ಸುಮಾರು 100 ಕಿ.ಮೀ., ಬಸ್ಸು ಬೇಕಾದಷ್ಟು. ದೆಹಲಿಯವರೆಗೆ ವಿಮಾನದಲ್ಲಿ ಹೋಗುವವರಿಗೆ ಅಲ್ಲಿಂದ ಸುಮಾರು 310 ಕಿ.ಮೀ. ಆಗುತ್ತದೆ. ಬೆಳಗಿನ ವಿಮಾನಗಳು ಮಂಜಿಗೆ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಮಧ್ಯಾಹ್ನ ಇಳಿಯುವಂಥದ್ದು ನೋಡಿ.

ಸ್ಲೀಪರಿನಲ್ಲಿ ಹೋಗುವುದಾದರೆ ಮೇಲಿನ ಬರ್ತ್ ಕೇಳಿ. ಕೆಳಗೆ ಕಿಟಕಿ ಎಷ್ಟು ಮುಚ್ಚಿದರೂ ಸಂದಿಯಿಂದ ಗಾಳಿ ಚಾಕುವಿನ ಹಾಗೆ ಬರುತ್ತದೆ. ಭೋಪಾಲ್ ದಾಟಿದ ಮೇಲಿನ ರಾತ್ರಿ ಇದು ಚೆನ್ನಾಗಿ ಅರ್ಥವಾಗುತ್ತದೆ. ರಾಣೆಬೆನ್ನೂರು ಕಡೆಯ ಕುರಿ ಉಣ್ಣೆಯ ಕಂಬಳಿ ನನ್ನ ಹತ್ತಿರ ಒಂದಿದೆ. ಚುಚ್ಚುತ್ತದೆ, ವಾಸನೆಯೂ ಇದೆ. ಆದರೆ ಅದನ್ನು ಹೊದ್ದ ಮೇಲೆ ಗಾಳಿಯ ಮಾತೇ ಇಲ್ಲ. ಮೊದಲ ಸಲ ಆ ದಾರಿಯಲ್ಲಿ ನಡುರಾತ್ರಿ ಗಾಡಿಯ ಕೆಳಗೆ 'ಢಬ್' ಅಂದಾಗ ಗುಂಡು ಹಾರಿತೇನೋ ಅಂತ ಎದ್ದು ಕೂತಿದ್ದೆ. ಎದುರಿನ ಬರ್ತಿನವರು ನಕ್ಕರು. ಮಂಜಿನಲ್ಲಿ ಸಿಗ್ನಲ್ ಕಾಣುವುದಿಲ್ಲವಲ್ಲ, ಅದಕ್ಕೆ ಸಿಗ್ನಲ್ಲಿಗಿಂತ ಸ್ವಲ್ಪ ಮೊದಲೇ ಹಳಿಯ ಮೇಲೆ ಪಟಾಕಿಯಂಥ ಡಬ್ಬಿ ಕಟ್ಟಿರುತ್ತಾರೆ. ಇಂಜಿನ್ ಅದರ ಮೇಲೆ ಹತ್ತಿದರೆ ಸದ್ದಾಗಿ ಚಾಲಕ ಎಚ್ಚರಾಗುತ್ತಾನೆ. ಈಗ ಇಂಜಿನ್ನಿನಲ್ಲಿ ಜಿಪಿಎಸ್ ಯಂತ್ರವೂ ಇರುತ್ತದೆ.

ಇಷ್ಟಾದರೂ ಗಾಡಿ ತಡ ಆಗೇ ಆಗುತ್ತದೆ. ಒಮ್ಮೆ 9 ಗಂಟೆ ತಡವಾಗಿ ಇಳಿದಿದ್ದೇನೆ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಖಾಲಿ ಬಿಟ್ಟೇ ಲೆಕ್ಕ ಹಾಕಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೆಲವು ಗಾಡಿಗಳನ್ನು ಮಂಜಿಗಾಗಿ ಮೊದಲೇ ರದ್ದು ಮಾಡಿರುತ್ತಾರೆ, ಆ ಪಟ್ಟಿ ನೋಡಿಕೊಳ್ಳಿ. ಇನ್ನೊಂದು ಕಿವಿಮಾತು. ನೀವು ಹತ್ತುವ ಸ್ಟೇಷನ್ನಿನಲ್ಲಿ ಗಾಡಿ 3 ಗಂಟೆಗಿಂತ ಜಾಸ್ತಿ ತಡವಾಗಿ, ನಿಮಗೆ ಹೋಗುವುದೇ ಬೇಡ ಅನ್ನಿಸಿದರೆ, ಗಾಡಿ ಹೊರಡುವ ಮೊದಲೇ ಟಿಡಿಆರ್, ಅಂದರೆ ರೈಲ್ವೆಗೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಿ. ಪೂರ್ತಿ ದುಡ್ಡು ವಾಪಸ್ ಬರುತ್ತದೆ. ಗಾಡಿ ಹೋದ ಮೇಲೆ ಹಾಕಿದರೆ ಸಿಗುವುದಿಲ್ಲ.

ಇನ್ನು ಬಟ್ಟೆ. ಒಂದೇ ದಪ್ಪ ಸ್ವೆಟರ್ ಕೆಲಸಕ್ಕೆ ಬರುವುದಿಲ್ಲ. ತೆಳ್ಳಗಿನವು ಮೂರು ಬೇಕು. ಒಳಗೆ ಮೈಗೆ ಅಂಟುವಂಥದ್ದು, ಮೇಲೆ ಕೆಳಗೆ ಎರಡೂ. ಅಲ್ಲಿಯವರು ಅದಕ್ಕೆ 'ಇನ್ನರ್' ಅನ್ನುತ್ತಾರೆ. ಅದರ ಮೇಲೆ ಉಣ್ಣೆಯ ಸ್ವೆಟರ್. ಎಲ್ಲದರ ಮೇಲೆ ಗಾಳಿ ನುಗ್ಗದ ಜಾಕೆಟ್. ಬಟ್ಟೆಗಳ ನಡುವೆ ನಿಂತ ಗಾಳಿಯೇ ಮೈಯನ್ನು ಬೆಚ್ಚಗಿಡುವುದು. ಬಿಸಿಲು ಬಂದರೆ ಒಂದೊಂದೇ ಕಳಚಬಹುದು. ಕಿವಿ ಮುಚ್ಚಬೇಕು. ಹುಬ್ಬಳ್ಳಿಯಲ್ಲಿ ಮಂಕಿ ಕ್ಯಾಪ್ ಹಾಕಿದರೆ ನಗುತ್ತಾರೆ, ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಬೂಟು ಒಂದು ಸೈಜ್ ದೊಡ್ಡದಿರಲಿ. ಎರಡು ಕಾಲುಚೀಲ ತುರುಕಿ ಬಿಗಿಯಾದ ಬೂಟು ಹಾಕಿದರೆ ಕಾಲಿಗೆ ರಕ್ತ ಓಡದೆ ಇನ್ನೂ ಚಳಿ. ಕೋಣೆಯೊಳಗಿನ ಕಲ್ಲಿನ ನೆಲಕ್ಕೆ ಬೇರೆ ಚಪ್ಪಲಿ ಬೇಕೇ ಬೇಕು.

ಇಷ್ಟೆಲ್ಲ ಹುಬ್ಬಳ್ಳಿಯಲ್ಲಿ ಕೊಳ್ಳಬೇಡಿ. ದಾರಿಗಾಗುವಷ್ಟು ಒಯ್ಯಿರಿ ಸಾಕು. ಲುಧಿಯಾನ ಅಂದರೆ ಉಣ್ಣೆ ಬಟ್ಟೆಯ ಊರು. ಘಂಟಾಘರ್ ಹತ್ತಿರದ ಚೌಡಾ ಬಜಾರಿಗೆ ಹೋಗಿ. ಚೌಡಾ ಅಂದರೆ ಅಗಲ. ನಮ್ಮ ಹುಬ್ಬಳ್ಳಿಯ ಇಕ್ಕಟ್ಟಿನ ಬ್ರಾಡ್‌ವೇ ರಸ್ತೆ ಎಷ್ಟು ಬ್ರಾಡ್ ಇದೆಯೋ ಇದೂ ಅಷ್ಟೇ ಅಗಲ. ಜನವರಿ ಕೊನೆಗೆ ವ್ಯಾಪಾರಿಗಳಿಗೆ ಉಳಿದ ಮಾಲು ಖಾಲಿ ಮಾಡುವ ಅವಸರ, ಹಾಗಾಗಿ ದರವೂ ಇಳಿದಿರುತ್ತದೆ.

ಕೊಬ್ಬರಿ ಎಣ್ಣೆ ಒಯ್ಯುವವರು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಬಾಟಲಿಯಿಂದ ಬರಲಿಲ್ಲ ಅಂತ ನಾನು ಸ್ಪೋಕಿನಿಂದ ಕೆದಕಿ ತೆಗೆದಿದ್ದೇನೆ. ತುಟಿ, ಹಿಮ್ಮಡಿ ಒಡೆಯುತ್ತವೆ, ವ್ಯಾಸಲೀನ್ ಇರಲಿ.

ಲಾಡ್ಜ್ ಹಿಡಿಯುವಾಗ ಟಿವಿ ಇದೆಯಾ ಅಂತ ಕೇಳಬೇಡಿ. ಕಿಟಕಿ ದಕ್ಷಿಣಕ್ಕಿದೆಯಾ, ಬಿಸಿಲು ಬೀಳುತ್ತದಾ ಅಂತ ಕೇಳಿ. ಗೀಸರ್ ಯಾವ ಹೊತ್ತಿಗೆ ಹಾಕುತ್ತಾರೆ, ಹೀಟರಿಗೆ ಬೇರೆ ದುಡ್ಡಾ, ಎರಡನೇ ರಜಾಯಿ (ಹತ್ತಿ ತುಂಬಿದ ದಪ್ಪ ಹೊದಿಕೆ) ಕೊಡುತ್ತಾರಾ, ಇಷ್ಟು ಸಾಕು. ರಜಾಯಿ ಮೊದಲ ಹತ್ತು ನಿಮಿಷ ಮಂಜುಗಡ್ಡೆ. ಆಮೇಲೆ ನಿಮ್ಮ ಮೈಯ ಬಿಸಿಯನ್ನೇ ಹಿಡಿದಿಟ್ಟು ಬೆಚ್ಚಗಾಗುತ್ತದೆ. ಹಗಲೆಲ್ಲ ಹಾಕಿದ ಬಟ್ಟೆಯಲ್ಲಿ ಬೆವರಿನ ಪಸೆ ಇರುತ್ತದೆ. ಅದನ್ನು ಬದಲಿಸಿ, ಒಣಗಿದ್ದು ಹಾಕಿಕೊಂಡು ಮಲಗಿ.

ಈಗ ಹೇಳುವುದನ್ನು ಮಾತ್ರ ಎರಡು ಸಲ ಓದಿ. ಮೊದಲ ವರ್ಷ ನಾನಿಳಿದ ಲಾಡ್ಜಿನ ಹುಡುಗ ಪಾಪ, ನಾನು ನಡುಗುವುದು ನೋಡಿ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತಂದಿಟ್ಟ. ನಾನು ಖುಷಿಯಿಂದ ಬಾಗಿಲು, ಕಿಟಕಿ ಎಲ್ಲ ಹಾಕಿದೆ. ಪಕ್ಕದ ಕೋಣೆಯ ಹಿರಿಯ ಸರ್ದಾರ್‌ಜೀ ಒಬ್ಬರು ಹೊಗೆಯ ವಾಸನೆ ಹಿಡಿದು ಬಂದು ಬಾಗಿಲು ಬಡಿದರು. ಕೆಂಡದ ಬುಟ್ಟಿಯನ್ನು ಕಾಲಿಂದಲೇ ಹೊರಗೆ ತಳ್ಳಿ, ಕಿಟಕಿ ತೆರೆದು, ಆಮೇಲೆ ನನ್ನನ್ನು ಬೈದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದಂತೆ ಆಗುತ್ತದೆ, ಅಷ್ಟೇ. ಉತ್ತರದಲ್ಲಿ ಪ್ರತಿ ಚಳಿಗಾಲವೂ ಇದರಿಂದ ಜನ ಸಾಯುತ್ತಾರೆ. ಕಿಟಕಿ ಇಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಹೀಗೇ. ಕೆಂಡ ಕಾಯಿಸಬೇಕೆಂದರೆ ಅಂಗಳದಲ್ಲಿ, ನಾಲ್ಕು ಜನರ ಜೊತೆ.

ಕೆಲಸ ಬೆಳಗ್ಗೆ ಹನ್ನೊಂದಕ್ಕೆ ಮೊದಲು ಇಟ್ಟುಕೊಳ್ಳಬೇಡಿ. ಸೂರ್ಯ ಹುಟ್ಟುವುದೇ ಏಳೂವರೆ ಹತ್ತಿರ, ಸಂಜೆ ಆರಕ್ಕೆ ಮೊದಲೇ ಮುಳುಗಿರುತ್ತಾನೆ. ನಡುವಿನ ಐದಾರು ಗಂಟೆಯಲ್ಲೇ ಓಡಾಟ ಮುಗಿಸಬೇಕು. ಸ್ನಾನವೂ ಮಧ್ಯಾಹ್ನ. ಸೈಕಲ್ ಭಾಗಗಳಿಗೆ ಗಿಲ್ ರೋಡ್, ಮಿಲ್ಲರ್ ಗಂಜ್ ಕಡೆ ಹೋಗಿ. ಹೀರೋ ಸೈಕಲ್ ಕಟ್ಟಿದ ಮುಂಜಾಲ್ ಸಹೋದರರು ಈಗ ಪಾಕಿಸ್ತಾನದಲ್ಲಿರುವ ಕಮಾಲಿಯಾದಿಂದ ಬಂದವರು. ಮೊದಲು ಬಿಡಿಭಾಗದ ವ್ಯಾಪಾರ ಮಾಡಿ, 1956ರಲ್ಲಿ ಸೈಕಲ್ ಮಾಡಲು ಶುರು ಮಾಡಿದರು. 1986ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ ಮಾಡುವ ಕಂಪನಿ ಅಂತ ಗಿನ್ನೆಸ್ ದಾಖಲೆ ಸೇರಿತು. ನಾನಿನ್ನೂ ಬಿಡಿಭಾಗದಲ್ಲೇ ಇದ್ದೇನೆ ಅಂತ ನನ್ನ ಹೆಂಡತಿ ನೆನಪಿಸುತ್ತಿರುತ್ತಾಳೆ. ಮಾಲು ಲಾರಿಗೆ ಹಾಕಿದ ಮೇಲೆ ಬಿಲ್ಟಿ, ಅಂದರೆ ಲಾರಿಯವರು ಕೊಡುವ ರಸೀದಿ, ಕೈಗೆ ಬರದೆ ಊರು ಬಿಡಬೇಡಿ. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ (ಜಿಎಸ್‌ಟಿಯ ಸಾಗಾಟದ ಚೀಟಿ) ಬೇಕು.

ಊಟದ ಚಿಂತೆ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ದಾರಿಗೆ ಕಟ್ಟಿಕೊಳ್ಳಿ. ಅಲ್ಲಿ ಇಳಿದ ಮೇಲೆ ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪಿನ ಸಾಗ್ ಕೇಳಿ. ಈ ಸೊಪ್ಪು ಚಳಿಗಾಲದ್ದೇ. ಮೇಲೆ ಬೆಣ್ಣೆ, ಪಕ್ಕದಲ್ಲಿ ಬೆಲ್ಲ. ರೊಟ್ಟಿಯನ್ನು ನಮ್ಮ ಜೋಳದ ರೊಟ್ಟಿಯ ಹಾಗೆ ಕೈಯಲ್ಲೇ ಬಡಿಯುತ್ತಾರೆ. ಒಂದು ಢಾಬಾದ ಅಜ್ಜಿ ಬಡಿಯುವ ಸದ್ದು ಕೇಳಿ ನನಗೆ ಅವ್ವನ ನೆನಪಾಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಗುರುದ್ವಾರದ ಲಂಗರಿನಲ್ಲಿ ಯಾರು ಬೇಕಾದರೂ ಉಣ್ಣಬಹುದು. ತಲೆಗೆ ಬಟ್ಟೆ ಕಟ್ಟಿ, ಬೂಟು ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಿ. ರೊಟ್ಟಿಯನ್ನು ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು. ಕಾಲು ಒರೆಸಲು ಸಣ್ಣ ಟವೆಲ್ ಜೇಬಿನಲ್ಲಿರಲಿ, ಒದ್ದೆ ಕಾಲಿಗೆ ಕಾಲುಚೀಲ ಏರಿಸಿದರೆ ಸಂಜೆತನಕ ಚಳಿ ಬಿಡುವುದಿಲ್ಲ.

ಜನವರಿ 13ಕ್ಕೆ ಲೋಹ್ರಿ. ನಮ್ಮ ಸಂಕ್ರಾಂತಿಯ ಹಿಂದಿನ ದಿನ. ಆ ಸಂಜೆ ವ್ಯಾಪಾರ ನಡೆಯುವುದಿಲ್ಲ, ಇಟ್ಟುಕೊಳ್ಳಲೂ ಬೇಡಿ. ಗಲ್ಲಿ ಗಲ್ಲಿಯಲ್ಲಿ ಬೆಂಕಿ ಹಾಕಿ ಎಳ್ಳು, ಶೇಂಗಾ, ಮೆಕ್ಕೆಜೋಳದ ಅರಳು ಎರಚುತ್ತಾರೆ. ಹೊಸ ಮದುವೆಯಾದವರ, ಮಗು ಹುಟ್ಟಿದ ಮನೆಯವರ ಸಡಗರ ಜಾಸ್ತಿ. ನಾನು ಕುಸುರೆಳ್ಳು ಒಯ್ದು ಕೊಟ್ಟೆ, ಅವರು ರೇವಡಿ ಕೊಟ್ಟರು. ಎರಡೂ ಎಳ್ಳೇ. ಮಾಲಿನ ಯಜಮಾನರಿಗೆ ಧಾರವಾಡ ಪೇಡೆ ಒಯ್ಯುವುದು ನನ್ನ ರೂಢಿ. ಚಳಿಯಲ್ಲಿ ಕೆಡುವ ಭಯವಿಲ್ಲ.

ಒಂದು ದಿನ ಬಿಡುವಿದ್ದರೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಿ. 1962ರಲ್ಲಿ ಶುರುವಾದದ್ದು, ಹಸಿರು ಕ್ರಾಂತಿಯ ಗೋಧಿ ತಳಿಗಳ ಕೆಲಸ ನಡೆದ ಜಾಗ. ಒಳಗೆ ಹಳ್ಳಿ ಬದುಕಿನ ಒಂದು ಮ್ಯೂಸಿಯಂ ಇದೆ. ಹಳೆ ಊರಿನ ನೌಘರಾ ಮೊಹಲ್ಲಾದಲ್ಲಿ ಸುಖದೇವ್ ಹುಟ್ಟಿದ ಮನೆ ಇದೆ, 1931ರಲ್ಲಿ ಭಗತ್ ಸಿಂಗ್, ರಾಜಗುರು ಜೊತೆ ನೇಣಿಗೇರಿದವರು. ಗಲ್ಲಿ ಎಷ್ಟು ಇಕ್ಕಟ್ಟು ಅಂದರೆ ನಾನು ಎರಡು ಸಲ ದಾಟಿ ಹೋಗಿ ವಾಪಸ್ ಬಂದೆ. ಬುಡ್ಡಾ ನಾಲೆಯನ್ನು ನೋಡಲು ಹೋಗಬೇಕಿಲ್ಲ. ಬಣ್ಣದ ಕಾರ್ಖಾನೆ, ಡೈರಿಗಳ ಕೊಳೆ ಹರಿಯುವ ಆ ನೀರು ಬಂದಿದ್ದು ಮೂಗಿಗೇ ಗೊತ್ತಾಗುತ್ತದೆ.

ಹೊರಡುವ ದಿನ ಬಿಸಿಲು ಬಂದರೆ ಸ್ವೆಟರುಗಳನ್ನೆಲ್ಲ ಲಾಡ್ಜಿನ ಮಾಳಿಗೆ ಮೇಲೆ ಒಂದು ತಾಸು ಹರವಿ, ಇಲ್ಲದಿದ್ದರೆ ಚೀಲದ ತುಂಬ ಹೊಗೆಯ ವಾಸನೆ. ರೊಟ್ಟಿಯ ಡಬ್ಬಿ ಅಷ್ಟೊತ್ತಿಗೆ ಖಾಲಿಯಾಗಿರುತ್ತದೆ. ಅದರಲ್ಲಿ ಎಳ್ಳು ಬೆಲ್ಲದ ಗಜಕ್ ತುಂಬಿಕೊಳ್ಳಿ, ಅಂಗಡಿಯ ಹುಡುಗರು ಮಾಲಿಗಿಂತ ಮೊದಲು ಅದನ್ನೇ ಕೇಳುತ್ತಾರೆ.